ಸಾವಿರದ ಎಂಬತ್ತು ಸಾಲು

ಸ್ಟಂಪ್ ನೆಟ್ಟಗೇ ಇತ್ತು. ನಾನು ಸೊಟ್ಟಗಿದೆ ಎಂದೆ.

ಅಣ್ಣ ಶ್ರೀಕಂಠನ ಬಗ್ಗೆ ಏನು ಬರೆಯಲು ಕೂತರೂ ನನಗೆ ಮೊದಲು ನೆನಪಾಗುವುದು ಇದು. ಅವನ ಕಣ್ಣು ಇನ್ನೂ ಉಳಿಯಬಹುದಾಗಿದ್ದ ಒಂದು ಬೇಸಿಗೆಯಲ್ಲಿ ಅವನು ನನ್ನನ್ನು ಒಂದು ಪ್ರಶ್ನೆ ಕೇಳಿದ. ಅದಕ್ಕೆ ಉತ್ತರ ಹೇಳಲು ವಿದ್ಯೆ ಬೇಕಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು. ನನ್ನ ಕಣ್ಣು ಚೆನ್ನಾಗಿತ್ತು. ಆದರೂ ಕಂಡದ್ದನ್ನು ಹೇಳಲಿಲ್ಲ.

ನನಗೆ ಬರೆದು ಅಭ್ಯಾಸವಿಲ್ಲ. ಓದಿದ್ದು ಏಳನೇ ಕ್ಲಾಸಿನವರೆಗೆ, ನಂಜನಗೂಡಿನಲ್ಲಿ. ಆ ವರ್ಷ ಅಮ್ಮ ತೀರಿಕೊಂಡಳು. ಅಪ್ಪನಿಗೂ ಹೈಸ್ಕೂಲಿನಲ್ಲಿದ್ದ ಅಣ್ಣನಿಗೂ ಹೊತ್ತಿಗೆ ಸರಿಯಾಗಿ ಬೇಯಿಸಿ ಹಾಕುವವರು ಬೇಕಿತ್ತು. ‘ಗೌರಿ ಇದ್ದಾಳಲ್ಲ’ ಎಂದರು ಅಪ್ಪ. ಅಲ್ಲಿಗೆ ನನ್ನ ಶಾಲೆ ಮುಗಿಯಿತು. ಅಣ್ಣ ಓದಿದ, ಎಂಜಿನಿಯರ್ ಆದ, ಬರ್ಮಿಂಗ್‌ಹ್ಯಾಮಿಗೆ ಬಂದು ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿಗೆ ಸೇರಿದ. ಮುಂದೆ ಅದೇ ಊರಿನಲ್ಲಿದ್ದ ಒಬ್ಬರಿಗೆ ನನ್ನನ್ನು ಕೊಟ್ಟು ಮದುವೆ ಮಾಡಿಸಿದವನೂ ಅವನೇ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಯಜಮಾನರು ಹೋದರು. ಮಕ್ಕಳಿರಲಿಲ್ಲ. ವೈಕುಂಠ ಸಮಾರಾಧನೆ ಮುಗಿದ ದಿನ ಮದುವೆಯಾಗದೇ ಉಳಿದಿದ್ದ ಅಣ್ಣ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿ, ‘ಪಾತ್ರೆಪಡಗ ಆಮೇಲೆ ತರೋಣ. ಒಗ್ಗರಣೆ ಸೌಟು ಮಾತ್ರ ತಗೊಂಡು ಹತ್ತು’ ಎಂದ. ಹಾಗೆ ನಾನು ಊರಂಚಿನ ಸಟನ್ ಕೋಲ್ಡ್‌ಫೀಲ್ಡಿನಲ್ಲಿದ್ದ ಅವನ ಮನೆಗೆ ಬಂದೆ.

ಅಣ್ಣನಿಗೆ ಸೊಟ್ಟ ಎನ್ನುವುದು ಆಗುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಕುಳಿತುಕೊಳ್ಳುವ ಮೊದಲು ಗೋಡೆಯ ಪಟಗಳನ್ನು ಬೆರಳ ತುದಿಯಿಂದ ತಳ್ಳಿ ಸರಿಮಾಡುತ್ತಿದ್ದ. ಇಷ್ಟಾದರೆ ಜನ ಸಹಿಸುತ್ತಿದ್ದರೋ ಏನೋ. ಆಮೇಲೆ ರಿಮೋಟು ಎಲ್ಲಿ ಎಂದು ಕೇಳುತ್ತಿದ್ದ. ಆಗ ಅಗಲ ಪರದೆಯ ಟಿ.ವಿ. ಹೊಸದು. ಕಾರ್ಯಕ್ರಮಗಳು ಇನ್ನೂ ಹಳೆಯ ಚೌಕದ ಅಳತೆಯಲ್ಲೇ ಬರುತ್ತಿದ್ದವು. ಎಲ್ಲರೂ ಅದನ್ನು ಎರಡೂ ಕಡೆಗೆ ಎಳೆದು ಪರದೆ ತುಂಬಿಸಿಕೊಂಡು ನೋಡುತ್ತಿದ್ದರು. ಒಂದು ಸತ್ಯನಾರಾಯಣ ಪೂಜೆಯ ದಿನ ಪ್ರಸಾದ ಕೈಗೆ ಬರುವ ಮೊದಲೇ ಅಣ್ಣ ಆ ಮನೆಯ ಟಿ.ವಿ.ಯ ಚಿತ್ರವನ್ನು ಚೌಕಕ್ಕೆ ತಂದು ನಿಲ್ಲಿಸಿದ. ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಬಂತು.

ಆ ಮನೆಯಾಕೆಗೆ ರೇಗಿತು. ‘ಶ್ರೀಕಂಠ ಅವರೇ, ನಾವು ದುಡ್ಡು ಕೊಟ್ಟಿರೋದು ಪೂರ್ತಿ ಪರದೆಗೆ. ಈ ಕಪ್ಪು ಅಂಚಿಗಲ್ಲ.’

‘ಸೀರೆ ಅಗಲ ಜಾಸ್ತಿ ಇದೆ ಅಂತ ಉಡೋರನ್ನ ಹಿಡಿದು ಎಳೀತೀರೇನಮ್ಮಾ? ನಿಮ್ಮನೇಲಿ ವಾರ್ತೆ ಓದೋನು ಮೂರು ದಿನದಿಂದ ದಪ್ಪಗಾಗಿ ಕೂತಿದ್ದಾನೆ, ಪಾಪ.’

ಎಲ್ಲರೂ ನಕ್ಕರು. ನಾವು ಹೊರಟ ಮೇಲೆ ಆಕೆ ಮತ್ತೆ ಎಳೆದುಕೊಂಡಿರುತ್ತಾರೆ, ಅದು ಬೇರೆ ಮಾತು.

ನಿವೃತ್ತನಾದ ಮೇಲೆ ಅವನ ತಲೆ ತುಂಬ ಟಿ.ವಿ.ಯೇ. ನೋಡುವುದಕ್ಕಿಂತ ಚಿತ್ರ ಹೇಗೆ ಮೂಡುತ್ತದೆ ಎಂಬುದರ ಮೇಲೆ ಅವನಿಗೆ ಮೋಹ. ಅದನ್ನೆಲ್ಲ ಕೇಳಿಸಿಕೊಳ್ಳಲು ಮನೆಯಲ್ಲಿ ಇದ್ದವಳು ನಾನೊಬ್ಬಳೇ. ನಾನು ಹುರುಳಿಕಾಯಿ ಸೋಸುತ್ತಾ ಕೂತಿದ್ದರೆ ಅವನು ಎದುರಿನ ಕುರ್ಚಿ ಎಳೆದುಕೊಳ್ಳುತ್ತಿದ್ದ.

‘ನೀನು ಹಾಕೋ ರಂಗೋಲೀನೇ ತಗೋ ಗೌರಿ. ಅಂಗಳ ಅಷ್ಟೇ ಇದೆ. ಚುಕ್ಕಿ ದೂರ ದೂರ ಇಟ್ರೆ ಕಮಲದ ದಳ ಮೂಲೆ ಮೂಲೆಯಾಗಿ ಬರುತ್ತೆ. ಹತ್ರ ಹತ್ರ ಇಟ್ರೆ ನುಣುಪಾಗಿ ಬಳುಕುತ್ತೆ. ರೆಸಲ್ಯೂಶನ್ ಅಂದ್ರೆ ಇಷ್ಟೇ ಕಣೆ. ಪರದೆ ಎಷ್ಟು ದೊಡ್ಡದು ಅಂತ ಅಲ್ಲ, ಚುಕ್ಕಿ ಎಷ್ಟು ಅಂತ.’

ನಮ್ಮ ಹಳೆಯ ಡಬ್ಬಾ ಟಿ.ವಿ.ಯಲ್ಲಿ ಚಿತ್ರಕ್ಕೆ ಐನೂರ ಎಪ್ಪತ್ತಾರು ಸಾಲು. ಹೊಸದಾಗಿ ಬರಲಿರುವ ಹೈ ಡೆಫಿನಿಷನ್‌ನಲ್ಲಿ ಒಂದು ಬಗೆಗೆ ಏಳುನೂರ ಇಪ್ಪತ್ತು, ಇನ್ನೊಂದಕ್ಕೆ ಸಾವಿರದ ಎಂಬತ್ತು. ಸಾವಿರದ ಎಂಬತ್ತರ ಮುಂದೆ ‘ಐ’ ಅಂತ ಇದ್ದರೆ ಒಂದು ಅರ್ಥ, ‘ಪಿ’ ಅಂತ ಇದ್ದರೆ ಇನ್ನೊಂದು. ಅದು ನನಗೆ ತಲೆಗೆ ಹತ್ತಲಿಲ್ಲ. ಅವನು ಊಟದ ಪಂಕ್ತಿಯ ಹೋಲಿಕೆ ಹಿಡಿದ.

‘ಯುಗಾದಿ ಊಟಕ್ಕೆ ಜನ ಕೂತಿದ್ದಾರೆ ಅನ್ಕೋ. ಪಾಯಸದ ಬಕೆಟ್ ಹಿಡಿದೋನು ಮೊದಲ ಸುತ್ತಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಬಡಿಸ್ತಾನೆ. ಬಿಟ್ಟ ಸಾಲಿಗೆ ಎರಡನೇ ಸುತ್ತಲ್ಲಿ. ಅದು ಐ. ಬೇಗ ಬೇಗ ಓಡಾಡ್ತಾನಲ್ಲ, ಎಲ್ರಿಗೂ ಒಟ್ಟಿಗೆ ಬಡಿಸಿದ ಹಾಗೇ ಕಾಣುತ್ತೆ. ಒಂದೇ ಸುತ್ತಲ್ಲಿ ಒಂದು ಸಾಲೂ ಬಿಡದೆ ಬಡಿಸ್ಕೊಂಡು ಹೋದ್ರೆ ಅದು ಪಿ.’

‘ಹಾಗಾದ್ರೆ ಅಂಗಡಿಯೋರು ಎಚ್‌ಡಿ ರೆಡಿ ಅಂತ ಚೀಟಿ ಅಂಟಿಸ್ತಾರಲ್ಲ, ಅದು?’

‘ಅದು ಎಲೆ ಹಾಕಿದೆ, ಅನ್ನ ಇನ್ನೂ ಬಂದಿಲ್ಲ ಅಂತ. ಪರದೆ ಸಿದ್ಧ, ಚಿತ್ರ ಕಳಿಸೋ ಬಾಕ್ಸು ಬೇರೆ ತರ್ಬೇಕು. ಹಳೇ ಚಿತ್ರಾನೇ ಅದಕ್ಕೆ ಕೊಟ್ರೆ? ಐದು ಜನರ ಸಾರಿಗೆ ನೀರು ಬೆರೆಸಿ ಹತ್ತು ಜನಕ್ಕೆ ಬಡಿಸಿದ ಹಾಗಿರುತ್ತೆ.’

ಶಾಲೆ ಬಿಟ್ಟ ಮೇಲೆ ಯಾರಾದರೂ ನನ್ನನ್ನು ಎದುರಿಗೆ ಕೂರಿಸಿಕೊಂಡು, ಅರ್ಥವಾಗುವವರೆಗೂ ಒಂದು ವಿಷಯ ಹೇಳಿಕೊಟ್ಟಿದ್ದರೆ ಅದು ಅಣ್ಣನೇ. ಅದನ್ನು ಇಲ್ಲಿ ಬರೆಯದೆ ಹೋದರೆ ಮುಂದೆ ಬರೆಯುವುದಕ್ಕೆ ನನಗೆ ಮುಖವಿಲ್ಲ. ಅವನು ಹೇಳಿಕೊಟ್ಟದ್ದರಲ್ಲಿ ಇನ್ನೂ ಒಂದು ಮಾತಿತ್ತು. ‘ಡಬ್ಬಾ ಟಿ.ವಿ.ಯಲ್ಲಿ ಚಿತ್ರಾನ ಹಿಂದಿನಿಂದ ಗಾಜಿಗೆ ಎರಚ್ತಾರೆ. ಒಳಗಿನ ಆಯಸ್ಕಾಂತ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಗೆರೆ ಬಾಗುತ್ತೆ. ಚಪ್ಪಟೆ ಪರದೇಲಿ ಹಾಗಲ್ಲ. ಚುಕ್ಕಿ ಅದರದರ ಜಾಗದಲ್ಲಿ ಕೂತುಬಿಟ್ಟಿದೆ. ನೆಟ್ಟಗಿರೋ ಗೆರೆ ಬಾಗೋದಕ್ಕೆ ಅಲ್ಲಿ ಜಾಗವೇ ಇಲ್ಲ.’

ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ತಪ್ಪು ಮಾಡಿದೆ ಎಂದು ಹೇಳಿಕೊಳ್ಳಲು ಅವನು ನನಗೆ ದಾರಿ ಉಳಿಸಿರಲಿಲ್ಲ.

ಎಚ್‌ಡಿ ಚಾನೆಲ್‌ಗಳು ಶುರುವಾಗಲಿವೆ ಎಂದು ಸುದ್ದಿಯಾದಾಗ ಅಣ್ಣ ಡಬ್ಬಾ ಟಿ.ವಿ. ಕೊಟ್ಟುಬಿಟ್ಟು ಚಪ್ಪಟೆ ಪರದೆ ತಂದ. ಗೋಡೆಗೆ ಹಾಕಿಸಿ, ರಸಮಟ್ಟ ಇಟ್ಟು ನೋಡಿ, ಹಾಕಿದವನಿಂದ ಎರಡು ಸಲ ಬಿಚ್ಚಿಸಿ ಮತ್ತೆ ಹಾಕಿಸಿದ. ಆದರೆ ಒಂದು ದಿನವೂ ಅವನಿಗೆ ಚಿತ್ರ ಒಗ್ಗಲಿಲ್ಲ. ಮಂಕಾಗಿದೆ ಎಂದ. ಮುಖಗಳ ನಡುಭಾಗ ಕಲೆಸಿದ ಹಾಗಿದೆ ಎಂದ. ಹಳೆಯ ಚಿತ್ರವನ್ನು ಹೊಸ ಪರದೆಗೆ ಹಿಗ್ಗಿಸಿದರೆ ಹಾಗೇ ಎಂದು ತಾನೇ ಸಮಾಧಾನ ಹೇಳಿಕೊಂಡ. ನೀರು ಬೆರೆಸಿದ ಸಾರು.

ಆ ವರ್ಷದ ಯುಗಾದಿಗೆ ನಾನು ಬಾಗಿಲ ಮುಂದಿನ ಕಲ್ಲಿನ ಮೇಲೆ ಚುಕ್ಕಿ ಇಟ್ಟು ರಂಗೋಲಿ ಹಾಕಿದ್ದೆ. ಅಣ್ಣ ಹೊರಗೆ ಬಂದು ನಿಂತು, ‘ಏನೇ, ವಯಸ್ಸಾಯ್ತಾ ನಿಂಗೆ? ನಡುಸಾಲು ಡೊಂಕಾಗಿದೆಯಲ್ಲ’ ಎಂದು ನಕ್ಕ. ಅವನು ಒಳಗೆ ಹೋದ ಮೇಲೆ ನಾನು ಪೊರಕೆಯ ಹಿಡಿಯನ್ನು ಸಾಲಿನ ಪಕ್ಕಕ್ಕೆ ಮಲಗಿಸಿ ನೋಡಿದೆ. ಚುಕ್ಕಿಗಳೆಲ್ಲ ನೂಲು ಹಿಡಿದ ಹಾಗೆ ಇದ್ದವು. ಡೊಂಕು ರಂಗೋಲಿಯಲ್ಲಿರಲಿಲ್ಲ. ಒಬ್ಬಟ್ಟು ಬಡಿಸುವಾಗ ಮೆಲ್ಲಗೆ ಹೇಳಿದೆ, ‘ಅಣ್ಣ, ಒಂದ್ಸಲ ಕಣ್ಣು ತೋರಿಸ್ಕೊಂಡು ಬರಬಾರದಾ?’

‘ನನ್ನ ಕಣ್ಣಾ?’ ಎಂದ. ‘ಇಡೀ ಡ್ರಾಯಿಂಗ್ ಆಫೀಸು ಸ್ಕೇಲ್ ಇಟ್ಟು ನೋಡ್ತಿದ್ದದ್ದನ್ನ ನಾನು ಬರೀ ಕಣ್ಣಲ್ಲಿ ಹೇಳ್ತಿದ್ದೆ ಕಣೆ. ತುಪ್ಪ ಹಾಕು.’

ಬೇಸಿಗೆಗೆ ಎಚ್‌ಡಿ ಬಾಕ್ಸು ಬಂತು. ಆ ಭಾನುವಾರ ನಾಟಿಂಗ್‌ಹ್ಯಾಮಿನಿಂದ ಡಾಕ್ಟರ್ ಮೂರ್ತಿ, ಅವರ ಹೆಂಡತಿ ಸುಮಾ, ಮಗಳು ಊಟಕ್ಕೆ ಬಂದಿದ್ದರು. ಮೂರ್ತಿ ಮೈಸೂರಿನವರು, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು, ಅಣ್ಣನಿಗೆ ಬಹಳ ಬೇಕಾದವರು. ಊಟವಾದ ಮೇಲೆ ಅಣ್ಣ ಟಿ.ವಿ. ಹಾಕಿ, ಬಾಕ್ಸು ಬಂದರೂ ಚಿತ್ರ ಹೇಗೆ ಮಂಕಾಗಿದೆ ಎಂದು ತೋರಿಸತೊಡಗಿದ. ಮೂರ್ತಿ ಸಂಕೋಚದ ಮನುಷ್ಯ. ‘ನಮ್ಮನೇದಕ್ಕಿಂತ ಪರವಾಗಿಲ್ಲಪ್ಪ’ ಎಂದಷ್ಟೇ ಹೇಳಿದರು. ನಾನು ಎಲೆಯಡಿಕೆ ತಟ್ಟೆ ಇಡುತ್ತಾ, ‘ನಂಗಂತೂ ಚೆನ್ನಾಗೇ ಕಾಣುತ್ತೆ ಅಣ್ಣ. ಹುಲ್ಲಿನ ಎಳೆ ಎಳೆ ಕಾಣ್ತಿದೆ’ ಎಂದೆ.

ಅಣ್ಣ ಅತಿಥಿಗಳ ಕಡೆ ತಿರುಗಿದ. ‘ಇವಳಿಗೆ ಪರದೆ ಮೇಲೆ ಏನಾದ್ರೂ ಅಲ್ಲಾಡಿದ್ರೆ ಸಾಕು, ಎಚ್‌ಡಿ. ಏಳನೇ ಕ್ಲಾಸು ನೋಡಿ ನಮ್ಮ ಗೌರಿ.’

ಮೂರ್ತಿ ದಂಪತಿ ಮೆಲ್ಲಗೆ ನಕ್ಕರು. ಅವರ ಮಗಳಿಗೆ ಕನ್ನಡ ತಿಳಿಯುತ್ತಿತ್ತು, ಮಾತು ಮಾತ್ರ ಇಂಗ್ಲಿಷ್. ಅವಳು ನನ್ನನ್ನು ನೋಡಿ, ‘ಇಯರ್ ಸೆವೆನ್? ಐಯಾಮ್ ಇನ್ ಇಯರ್ ಏಯ್ಟ್’ ಎಂದಳು. ಮಗುವಿಗೆ ಕೆಟ್ಟ ಬುದ್ಧಿಯಿರಲಿಲ್ಲ, ತಾನಾಗಲೇ ಎಂಟನೇ ಕ್ಲಾಸು ಎಂಬ ಆಶ್ಚರ್ಯವಿತ್ತು ಅಷ್ಟೆ. ಈಗ ಎಲ್ಲರೂ ಜೋರಾಗಿ ನಕ್ಕರು. ಅಣ್ಣ ಎಲ್ಲರಿಗಿಂತ ಜೋರಾಗಿ.

ನಾನೂ ನಕ್ಕೆ. ಒಳಗೆ ಹೋಗಿ ಪಾತ್ರೆ ತೊಳೆದೆ. ಯಾರಿಗೆ ಅನ್ನ ಬೇಯಿಸಲೆಂದು ನಾನು ಏಳನೇ ಕ್ಲಾಸಿಗೆ ನಿಂತೆ ಎನ್ನುವುದು ಆ ಕೋಣೆಯಲ್ಲಿ ಒಬ್ಬನಿಗೆ ಗೊತ್ತಿತ್ತು. ಅವನೇ ಅದನ್ನು ತಮಾಷೆ ಮಾಡಿದ. ಈ ಮಾತನ್ನು ನಾನು ನಲ್ಲಿಯ ನೀರಿನ ಸದ್ದಿನಲ್ಲಿ ಮತ್ತೆ ಮತ್ತೆ ನನಗೇ ಹೇಳಿಕೊಂಡೆ. ಅವರು ಹೊರಟಾಗ ಕುಂಕುಮ ಕೊಟ್ಟೆ, ಡಬ್ಬಿಯಲ್ಲಿ ಪುಳಿಯೋಗರೆ ಕಟ್ಟಿಕೊಟ್ಟೆ. ಸಿಟ್ಟನ್ನು ಮಾತ್ರ ಯಾರಿಗೂ ತೋರಿಸಲಿಲ್ಲ.

ಮುಂದಿನ ವಾರ ಮಧ್ಯಾಹ್ನ ಟಿ.ವಿ.ಯಲ್ಲಿ ಕ್ರಿಕೆಟ್ ಬರುತ್ತಿತ್ತು. ಅಣ್ಣ ಚಿತ್ರವನ್ನು ನಿಲ್ಲಿಸಿದ. ಬ್ಯಾಟಿನವನ ಹಿಂದೆ ಮೂರು ಸ್ಟಂಪುಗಳು, ಪರದೆಯ ನಟ್ಟ ನಡುವೆ. ಅವನು ಪರದೆಯ ಹತ್ತಿರ ಹೋದ, ಹಿಂದೆ ಬಂದ, ಮತ್ತೆ ಹೋದ. ಆಮೇಲೆ ನನ್ನನ್ನು ಕರೆದ. ಆ ದನಿ ನಾನು ಯಾವತ್ತೂ ಕೇಳದ ದನಿ. ಅದರಲ್ಲಿ ಹೇಳಿಕೊಡುವವನ ಗತ್ತು ಇರಲಿಲ್ಲ.

‘ಗೌರಿ, ಇಲ್ಲಿ ಬಾ. ಸರಿಯಾಗಿ ನೋಡಿ ಹೇಳು. ಸ್ಟಂಪ್ ನೆಟ್ಟಗಿದೆಯಾ?’

ನೋಡಿದೆ. ಮೂರೂ ಗೂಟ ಹೊಡೆದ ಹಾಗೆ ನೆಟ್ಟಗಿದ್ದವು. ಅವನು ಏನನ್ನು ಕೇಳುತ್ತಿದ್ದಾನೆ ಎಂಬುದು ನನಗೆ ತಿಳಿಯಿತು. ರಂಗೋಲಿ ನೆನಪಾಯಿತು. ಹೋದ ವಾರದ ನಗುವೂ ನೆನಪಾಯಿತು. ನಿಜ ಹೇಳಿದವಳಿಗೆ ಏನು ಸಿಕ್ಕಿತು? ಓದಿದವನು ನೀನು, ನೀನೇ ತಿಳಿದುಕೋ ಎಂದುಕೊಂಡೆ.

‘ಸೊಟ್ಟಗೇ ಇದೆ ಅಣ್ಣ.’

ಅವನು ಉಸಿರು ಬಿಟ್ಟ. ಭುಜಗಳು ಕೆಳಗಿಳಿದವು. ‘ಹಾಗಾದ್ರೆ ಬಾಕ್ಸಿನದ್ದೇ ತೊಂದ್ರೆ’ ಎಂದ. ‘ಸಾವಿರದ ಎಂಬತ್ತು ಸಾಲನ್ನ ಈ ಕಮ್ಮಿ ಸಾಲಿನ ಪರದೆಗೆ ಇಳಿಸೋವಾಗ ಕೆಡಿಸ್ತಾ ಇದೆ.’ ನನ್ನ ಬೆನ್ನು ತಟ್ಟಿದ. ‘ಒಳ್ಳೆ ಕಣ್ಣು ಕಣೆ ನಿಂದು.’

ಆ ಕ್ಷಣದಲ್ಲಿ ನನಗೆ ಸಣ್ಣ ಸಂತೋಷವಾಯಿತು. ಅದನ್ನೂ ಬರೆಯಬೇಕು. ಸಂಜೆಯ ಹೊತ್ತಿಗೆ ಹೆದರಿಕೆ ಬಂತು. ನಾಳೆ ಹೇಳೋಣ ಎಂದುಕೊಂಡೆ. ಆದರೆ ಮರುದಿನ ಅವನು ಎಷ್ಟು ಹುರುಪಿನಲ್ಲಿದ್ದ ಎಂದರೆ, ನಿನ್ನೆ ಸುಳ್ಳು ಹೇಳಿದೆ ಎನ್ನಲು ಬಾಯಿ ಬರಲಿಲ್ಲ. ಒಂದು ದಿನ ಕಳೆದ ಸುಳ್ಳು ಎರಡನೆಯ ದಿನಕ್ಕೆ ಇನ್ನಷ್ಟು ಭಾರ. ಬೇಸಿಗೆಯೆಲ್ಲ ಅವನು ಬಾಕ್ಸಿನ ಬೆನ್ನು ಹತ್ತಿದ. ಕೇಬಲ್ ಬದಲಾಯಿಸಿದ. ಏಳುನೂರ ಇಪ್ಪತ್ತಕ್ಕೆ ಇಳಿಸಿದ, ಸಾವಿರದ ಎಂಬತ್ತಕ್ಕೆ ಏರಿಸಿದ. ಕಂಪನಿಯವರು ಬಂದು ಬೇರೆ ಬಾಕ್ಸು ಇಟ್ಟು ಹೋದರು. ‘ಈಗ?’ ಎಂದು ಕೇಳುತ್ತಿದ್ದ. ‘ಸ್ವಲ್ಪ ವಾಸಿ ಅಣ್ಣ’ ಎನ್ನುತ್ತಿದ್ದೆ. ಕಾರನ್ನು ಗೇಟಿನ ಕಂಬಕ್ಕೆ ಉಜ್ಜಿಕೊಂಡು ಬಂದ ದಿನ ಬಿಸಿಲು ಕಣ್ಣಿಗೆ ಹೊಡೆಯಿತು ಎಂದ. ಅದಕ್ಕೂ ಹೂಂ ಎಂದೆ.

ಚಳಿ ಶುರುವಾದಾಗ, ಪರದೆಯನ್ನೇ ಬದಲಾಯಿಸುವುದು ಎಂದು ತೀರ್ಮಾನವಾಯಿತು. ಸಾವಿರದ ಎಂಬತ್ತು ಸಾಲೂ ಪೂರ್ತಿ ಇರುವ, ಒಂದು ಸಾಲನ್ನೂ ಕುಗ್ಗಿಸದ ಪರದೆ. ಇಬ್ಬರೂ ಊರಾಚೆಯ ದೊಡ್ಡ ಅಂಗಡಿಗೆ ಹೋದೆವು. ಒಳಗೆ ಒಂದು ಇಡೀ ಗೋಡೆಗೆ ಟಿ.ವಿ.ಗಳು, ಸಣ್ಣವು, ದೊಡ್ಡವು, ಬೇರೆ ಬೇರೆ ಕಂಪನಿಯವು. ಎಲ್ಲದರಲ್ಲೂ ಒಂದೇ ಚಿತ್ರ: ಸಮುದ್ರದ ಪಕ್ಕದಲ್ಲಿ ಬಿಳಿಯ ದೀಪಸ್ತಂಭ.

ಅಣ್ಣ ಒಂದು ಪರದೆ ನೋಡಿದ. ಪಕ್ಕದ್ದನ್ನು ನೋಡಿದ. ಗೋಡೆಯ ಆ ತುದಿಯವರೆಗೆ ಒಂದೊಂದರ ಮುಂದೆಯೂ ನಿಂತು ನೋಡಿಕೊಂಡು ಹೋದ, ಅಲ್ಲಿಂದ ತಿರುಗಿ ಬಂದ. ಅಂಗಡಿಯ ಹುಡುಗಿ ಏನಾದರೂ ಬೇಕೇ ಎಂದು ಕೇಳಿದಳು. ಅವನಿಗೆ ಕೇಳಿಸಲಿಲ್ಲ. ಎಲ್ಲ ಕಂಪನಿಗಳ ಎಲ್ಲ ಪರದೆಗಳಲ್ಲೂ ಆ ಸ್ತಂಭ ಒಂದೇ ಜಾಗದಲ್ಲಿ ಬಾಗಲು ಸಾಧ್ಯವಿಲ್ಲ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

‘ನಡಿ’ ಎಂದ.

ಕಾರಿನಲ್ಲಿ ಕೂತು ಕೀಲಿ ತಿರುಗಿಸಲಿಲ್ಲ. ಎರಡೂ ಕೈ ಚಕ್ರದ ಮೇಲಿಟ್ಟುಕೊಂಡು ಎದುರಿನ ಇಟ್ಟಿಗೆ ಗೋಡೆಯನ್ನು ನೋಡುತ್ತಿದ್ದ. ಆಮೇಲೆ ಇಳಿದು, ಸುತ್ತಿ ಬಂದು ನನ್ನ ಬಾಗಿಲು ತೆಗೆದ. ‘ಬಸ್ಸಲ್ಲಿ ಹೋಗೋಣ ಗೌರಿ’ ಎಂದ. ಮತ್ತೆ ಅವನು ಕಾರು ಮುಟ್ಟಲಿಲ್ಲ.

ಮೂರ್ತಿಯವರು ಫೋನು ಮಾಡಿ ಕಣ್ಣಿನ ಡಾಕ್ಟರನ್ನು ಬೇಗ ಕಾಣುವ ಹಾಗೆ ಮಾಡಿದರು. ಆ ಡಾಕ್ಟರು ಅಣ್ಣನ ಕೈಗೆ ಚೌಕುಳಿ ಗೆರೆಯ ಒಂದು ಹಾಳೆ ಕೊಟ್ಟು, ನಡುವೆ ಇರುವ ಚುಕ್ಕಿಯನ್ನೇ ನೋಡಿ, ಗೆರೆಗಳು ಹೇಗೆ ಕಾಣುತ್ತವೆ ಹೇಳಿ ಎಂದರು. ಅಣ್ಣ ಬಹಳ ಹೊತ್ತು ಹಿಡಿದುಕೊಂಡಿದ್ದ. ‘ಚುಕ್ಕಿಯೇ ಇಲ್ಲವಲ್ಲ’ ಎಂದ. ಕಣ್ಣಿನ ಹಿಂಭಾಗದ ನಟ್ಟ ನಡುವೆ ರಕ್ತ ಒಸರಿ ಕಲೆಯಾಗಿತ್ತು. ಎಡಗಣ್ಣು ಯಾವಾಗಲೋ ಹೋಗಿತ್ತಂತೆ, ಬಲಗಣ್ಣು ಅದನ್ನು ಮುಚ್ಚಿಕೊಂಡು ನಡೆಸುತ್ತಿತ್ತು. ಗೆರೆ ಬಾಗಿ ಕಾಣಲು ಶುರುವಾಗಿದ್ದು ಯಾವಾಗ ಎಂದು ಕೇಳಿದರು. ಅಣ್ಣ ಬೇಸಿಗೆಗೂ ಮೊದಲೇ ಎಂದ. ಡಾಕ್ಟರು ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದ್ದು ನನಗೂ ಅರ್ಥವಾಯಿತು. ಈಗ ಇಂಜೆಕ್ಷನ್ ಬಂದಿದೆ, ಬೇಸಿಗೆಯಲ್ಲಿ ಬಂದಿದ್ದರೆ ಬಲಗಣ್ಣಿಗೆ ಏನಾದರೂ ಪ್ರಯತ್ನ ಮಾಡಬಹುದಾಗಿತ್ತೇನೋ, ಈಗ ಗಾಯ ಒಣಗಿ ಗಟ್ಟಿಯಾಗಿಬಿಟ್ಟಿದೆ.

ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಅವನು ನನ್ನ ಕಡೆ ತಿರುಗಲಿಲ್ಲ. ನನ್ನ ಹೆಸರು ಹೇಳಲಿಲ್ಲ.

ಆಮೇಲಿನ ವರ್ಷಗಳಲ್ಲೂ ಹೇಳಲಿಲ್ಲ. ಅವನಿಗೆ ನೇರ ನೋಡಿದ್ದು ಕಾಣುತ್ತಿರಲಿಲ್ಲ, ಪಕ್ಕದ್ದು ಮಸುಕಾಗಿ ಕಾಣುತ್ತಿತ್ತು. ಹಾಗಾಗಿ ನನ್ನ ಮುಖ ನೋಡಬೇಕಾದರೆ ನನ್ನ ಕಿವಿಯಾಚೆ ಎಲ್ಲೋ ನೋಡುತ್ತಿದ್ದ. ನನ್ನ ಕಣ್ಣಿಗೆ ಕಣ್ಣು ಕೊಟ್ಟು ಕೂತಿದ್ದಾನೆ ಎಂದರೆ ಅವನಿಗೆ ನಾನು ಕಾಣುತ್ತಿಲ್ಲ ಎಂದು ಅರ್ಥ. ಮನೆಯ ಪಟಗಳು ಸೊಟ್ಟಗಾದರೆ ನಾನೇ ಸರಿಮಾಡಿ, ‘ನೆಟ್ಟಗಿದೆ ಅಣ್ಣ’ ಎನ್ನುತ್ತಿದ್ದೆ. ಅವನು ನಂಬುತ್ತಿದ್ದ.

ಗೋಡೆಯ ಟಿ.ವಿ.ಯನ್ನು ತೆಗೆಸಲು ಬಿಡಲಿಲ್ಲ. ಕ್ರಿಕೆಟ್ ಬಂದರೆ ನಾನು ಪಕ್ಕದಲ್ಲಿ ಕೂತು ಹೇಳಬೇಕು. ಮೊದಮೊದಲು ‘ಅವನು ಹೊಡೆದ, ಇವನು ಓಡಿದ’ ಎನ್ನುತ್ತಿದ್ದೆ. ‘ಇದು ಡಬ್ಬಾ ಟಿ.ವಿ. ಆಯ್ತಲ್ಲೇ’ ಎಂದು ಗೊಣಗುತ್ತಿದ್ದ. ಬರುಬರುತ್ತಾ ಮೋಡದ ನೆರಳು ಮೈದಾನದ ಯಾವ ಕಡೆಗಿದೆ, ಬೌಲರ್ ಚೆಂಡನ್ನು ಪ್ಯಾಂಟಿನ ಎಡಕ್ಕೆ ಉಜ್ಜಿದನೋ ಬಲಕ್ಕೋ, ಎಲ್ಲ ಹೇಳಲು ಕಲಿತೆ. ‘ರೆಸಲ್ಯೂಶನ್ ಏರ್ತಾ ಇದೆ ಕಣೆ ನಿಂದು’ ಎನ್ನುತ್ತಿದ್ದ. ಆ ಮೆಚ್ಚುಗೆ ನನ್ನನ್ನು ಎಷ್ಟು ಸುಟ್ಟಿತು ಎಂದು ಅವನಿಗೆ ತಿಳಿದಿತ್ತೋ ಇಲ್ಲವೋ. ಎಷ್ಟೋ ಸಲ ಹೇಳಲು ಬಾಯಿ ತೆರೆದೆ. ಕಾಫಿ ತರಲಾ ಎಂದು ಕೇಳಿ ಎದ್ದು ಹೋದೆ.

ಹೋದ ಚಳಿಗಾಲದಲ್ಲಿ ಅಣ್ಣ ಹೋದ. ಹೃದಯದ ತೊಂದರೆ. ಕೊನೆಯ ಸಲ ನಾನು ಆಸ್ಪತ್ರೆಗೆ ಹೋದದ್ದು ಮಧ್ಯಾಹ್ನ. ಹಾಸಿಗೆಯ ಮೇಲಕ್ಕೆ ಬಾಗಿದ ಕಬ್ಬಿಣದ ತೋಳಿಗೆ ಸಿಕ್ಕಿಸಿದ ಪುಟ್ಟ ಟಿ.ವಿ. ಓಡುತ್ತಿತ್ತು, ಸದ್ದಿರಲಿಲ್ಲ. ನಾನು ಕೂತ ಸದ್ದಿಗೆ ಅವನು ಕಣ್ಣು ತೆರೆದ.

‘ಏನು ಬರ್ತಾ ಇದೆ?’

‘ಕ್ರಿಕೆಟ್. ಎಲ್ಲೋ ಬಿಸಿಲಿರೋ ಊರಲ್ಲಿ.’

‘ಹೇಳು ಮತ್ತೆ.’

ಹೇಳಿದೆ. ಹುಲ್ಲು ಒಣಗಿ ಹಳದಿಯಾಗಿದೆ ಎಂದೆ. ಎತ್ತರದ ಬೌಲರ್, ಕೈಗೆ ಪಟ್ಟಿ ಕಟ್ಟಿಕೊಂಡಿದ್ದಾನೆ ಎಂದೆ. ಓಡಿ ಬರ್ತಾ ಇದ್ದಾನೆ ಎಂದೆ. ಅಲ್ಲಿಗೆ ನನ್ನ ಮಾತು ನಿಂತಿತು.

‘ಯಾಕೆ, ಸಿಗ್ನಲ್ ಹೋಯ್ತಾ?’ ಎಂದ ಅಣ್ಣ.

‘ಇಲ್ಲ. ಸ್ಟಂಪ್ ಕಾಣ್ತಾ ಇದೆ.’

ಅವನು ದಿಂಬಿನ ಮೇಲೆ ತಲೆಯನ್ನು ಮೆಲ್ಲಗೆ ಹೊರಳಿಸಿ, ದೃಷ್ಟಿಯನ್ನು ನನ್ನ ಕಿವಿಯಾಚೆಗೆ ಒಯ್ದು ನಿಲ್ಲಿಸಿದ. ನನ್ನ ಮುಖ ನೋಡುತ್ತಿದ್ದ.

‘ನೆಟ್ಟಗಿದೆ ಅಣ್ಣ. ಅವತ್ತೂ ನೆಟ್ಟಗೇ ಇತ್ತು. ನಂಗೆ ಚೆನ್ನಾಗಿ ಕಾಣ್ತಿತ್ತು, ನೀನು ಯಾಕೆ ಕೇಳ್ತಿದೀಯ ಅಂತಾನೂ ಗೊತ್ತಿತ್ತು. ಏಳನೇ ಕ್ಲಾಸು ಅಂದು ಎಲ್ಲರ ಮುಂದೆ ನಕ್ಕೆಯಲ್ಲ, ಆ ಸಿಟ್ಟಿಗೆ ಬೇಕೂಂತಲೇ ಸೊಟ್ಟ ಅಂದೆ. ತಪ್ಪಾಯ್ತು ಅಣ್ಣ. ನನ್ನನ್ನ ಕ್ಷಮಿಸು.’